ಎರಡನೇ ಖೇಪು

ನಮ್ಮದು ಊರಲ್ಲ, ಗಡ್ಡಿ. ಹಂಪಿಯ ಬಂಡೆಗಳಿಂದ ಬಿಡಿಸಿಕೊಂಡು ಕಂಪ್ಲಿಯ ಕಡೆಗೆ ಹೊರಟ ಹೊಳೆ ಒಂದು ಕಡೆ ಎರಡಾಗಿ ಸೀಳಿ, ನಡುವೆ ಒಂದಿಷ್ಟು ನೆಲ ಬಿಟ್ಟು, ಮುಂದೆ ಹೋಗಿ ಮತ್ತೆ ಕೂಡಿಕೊಳ್ಳುತ್ತದೆ. ಆ ನಡುವಿನ ನೆಲವೇ ನಮ್ಮ ಗಡ್ಡಿ. ಭತ್ತ, ಬಾಳೆ, ಕಟ್ಟೆಯಿರುವ ಒಂದು ಬೇವಿನ ಮರ, ನೀರಿನ ಅಂಚಿಗೆ ಗಂಗಮ್ಮನ ಕಲ್ಲು, ಮೊಹರಮ್ಮಿಗೆ ಬೆಂಕಿ ಹಾಕುವ ಅಲಾವಿ ಕುಣಿ, ಇಷ್ಟರ ನಡುವೆ ನಮ್ಮ ಮನೆಗಳು. ಬೇಸಿಗೆಯಲ್ಲಿ ಸೀರೆ ಎತ್ತಿ ಹಿಡಿದು ಮೊಣಕಾಲು ನೀರಿನಲ್ಲಿ ನಡೆದರೆ ದಡ. ಮಳೆಗಾಲದಲ್ಲಿ ಹೊಸಪೇಟೆಯ ಡ್ಯಾಮಿನ ಗೇಟು ಎತ್ತಿದರೆ ಹೊಳೆ ಎರಡೂ ಮಗ್ಗುಲಿಗೆ ತುಂಬಿ ನಿಲ್ಲುತ್ತಿತ್ತು. ಹರಗೋಲು ಕೂಡ ಇಳಿಸುವಂತಿರಲಿಲ್ಲ. ಅದಕ್ಕೆ ನಮ್ಮವರು ಪ್ರವಾಹ ಅಂತ ಯಾವತ್ತೂ ಅನ್ನಲಿಲ್ಲ. "ಬಾಗಲ ಹಾಕೇತಿ" ಅನ್ನುತ್ತಿದ್ದರು, ಯಾರೋ ಮನೆಯ ಹಿರಿಯಳು ಸಂಜೆಗೆ ಬಾಗಿಲು ಮುಂದೆ ಮಾಡಿಕೊಂಡಷ್ಟು ಸಹಜವಾಗಿ.

ಬಾಗಿಲು ಹಾಕಿದ ದಿನಗಳಲ್ಲಿ ಬಂದ ಹಬ್ಬಗಳು ಒಳಗಿದ್ದವರಿಗಷ್ಟೇ. ಪಂಚಮಿಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಿದ್ದರು, ಜೀಕಬೇಕಾದ ಹೆಣ್ಣುಮಕ್ಕಳು ಆಚೆ ದಡದಲ್ಲಿ ಗಂಡನ ಮನೆಗಳಲ್ಲಿ ಇರುತ್ತಿದ್ದರು. ಎಳ್ಳುಂಡಿ, ಶೇಂಗಾ ಉಂಡಿ, ತಂಬಿಟ್ಟು ಮಾಡಿ ಅವರ ಪಾಲನ್ನು ಡಬ್ಬಿಯಲ್ಲಿ ಎತ್ತಿಡುತ್ತಿದ್ದರು. ಮಣ್ಣಿನ ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತರುವ ಹೆಂಗಸರು ಆಚೆ ದಡದ ಕಲ್ಲಿನ ಮೇಲೆ ಬುಟ್ಟಿ ಇಳಿಸಿ, ಅಲ್ಲಿಂದಲೇ ನಮ್ಮ ಕಡೆಗೆ ಮುಖ ಮಾಡಿ ಹಾಡಿ ಹೋಗುತ್ತಿದ್ದರು. "ಊರೂರು ತಿರುಗೋ ಗಂಡಸು, ಈಜು ಬರಂಗಿಲ್ಲ ನೋಡ" ಎಂದು ನಮ್ಮ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಒಂದು ವರ್ಷ ಮೊಹರಂ ಇದೇ ದಿನಗಳಲ್ಲಿ ಬಿದ್ದು, ಹಲಗೆಯವರು ಆಚೆ ಉಳಿದುಬಿಟ್ಟರು. ನಾವು ಹುಡುಗಿಯರು ತಗಡಿನ ಡಬ್ಬಿ ಬಾರಿಸಿದೆವು, ಗಂಡಸರು ಅದಕ್ಕೇ ಅಲಾವಿ ಕುಣಿದರು. ದೇವರು ಬೇಸರ ಮಾಡಿಕೊಂಡಂತೆ ಕಾಣಲಿಲ್ಲ.

ಆದರೆ ನಮ್ಮ ದೊಡ್ಡ ಹಬ್ಬಕ್ಕೆ ಪಂಚಾಂಗದಲ್ಲಿ ಜಾಗವಿರಲಿಲ್ಲ. ಅದರ ದಿನವನ್ನು ಹೊಳೆ ಹೇಳಬೇಕು. ಡ್ಯಾಮಿನ ಗೇಟು ಇಳಿಸಿ, ನೀರು ಸಣ್ಣಗಾಗಿ, ಹರಗೋಲು ತಾಗುವ ಘಾಟಿನ ಎದುರಿಗಿರುವ ಎಮ್ಮಿಗುಂಡು ಎಂಬ ಬಂಡೆ ಬೆನ್ನು ತೋರಿಸಿದ ಮರುದಿನ ಬಾಗಿಲು ತೆಗೆಯುವ ಹಬ್ಬ. ಒಂದೊಂದು ವರ್ಷ ಗಣಪತಿಗಿಂತ ಮೊದಲೇ, ಒಂದೊಂದು ವರ್ಷ ಮಹಾನವಮಿ ಕಳೆದ ಮೇಲೆ. ಅವತ್ತು ಮೊದಲ ಹರಗೋಲು ಗಡ್ಡಿಯಿಂದ ಖಾಲಿ ಹೊರಡುತ್ತಿತ್ತು. ಎಷ್ಟೇ ಅವಸರವಿರಲಿ, ಜ್ವರ ಬಂದವರು ಇರಲಿ, ಅದರಲ್ಲಿ ಯಾರೂ ಕೂರುವಂತಿರಲಿಲ್ಲ. ಅದು ಆಚೆ ದಡಕ್ಕೆ ಹೋಗಿ, ಅಲ್ಲಿ ಕಾಯುತ್ತಿರುವ 'ಕೊಟ್ಟ ಮಕ್ಕಳನ್ನು', ಅಂದರೆ ದಡದ ಊರುಗಳಿಗೆ ಮದುವೆ ಮಾಡಿ ಕೊಟ್ಟ ನಮ್ಮ ಹೆಣ್ಣುಮಕ್ಕಳನ್ನು ಕರೆದು ತರಬೇಕು. ಅವರು ಘಾಟಿನಲ್ಲಿ ಇಳಿದು, ಅಕ್ಕಿ, ಕೊಬ್ಬರಿ, ಹಸಿರು ಬಳೆ ಹಾಕಿ ಹೊಳೆಗೆ ಉಡಿ ತುಂಬಿದ ಮೇಲೆಯೇ ಉಳಿದ ಜಗತ್ತು ಒಳಗೆ ಬರಬೇಕು. ಹರಗೋಲು ಒಂದು ಸಲ ಹೋಗಿ ಬರುವುದಕ್ಕೆ ನಮ್ಮಲ್ಲಿ ಖೇಪು ಅನ್ನುತ್ತಾರೆ. ಮೊದಲ ಖೇಪು ಕೊಟ್ಟ ಮಕ್ಕಳದು. ಎರಡನೇ ಖೇಪು ಉಪ್ಪು, ಸೀಮೆಎಣ್ಣೆ, ಕ್ಷೌರದವನು, ಪೋಸ್ಟಿನವನು, ಆಡು, ಕೋಳಿ, ಎಲ್ಲರದೂ.

ಮೊದಲ ಖೇಪಿನ ಹುಟ್ಟು ನಮ್ಮ ಅಪ್ಪನ ಕೈಯಲ್ಲಿತ್ತು. ಅದಕ್ಕೂ ಮೊದಲು ಅವನ ಅಪ್ಪನ ಕೈಯಲ್ಲಿ.

ನಾನು ಈ ಹಬ್ಬವನ್ನು ಆಚೆ ದಡದಲ್ಲಿ ನಿಂತು ಮೊದಲ ಸಲ ನೋಡಿದ್ದು ಹೈಸ್ಕೂಲಿಗೆ ಸೇರಿದ ವರ್ಷ. ಬಾಗಿಲು ಹಾಕಿದರೆ ಗಡ್ಡಿಯ ಶಾಲೆಗೆ ಮೇಷ್ಟ್ರೂ ಬರುತ್ತಿರಲಿಲ್ಲ, ಗಡ್ಡಿಯ ಮಕ್ಕಳು ದಡದ ಶಾಲೆಗೂ ಹೋಗುತ್ತಿರಲಿಲ್ಲ. ಹಾಗೆ ಮಳೆಗಾಲಕ್ಕೆ ತಪ್ಪಿದ ಮಕ್ಕಳು ಆಮೇಲೆ ಪೂರ್ತಿ ತಪ್ಪುವುದನ್ನು ಅವ್ವ ನೋಡಿದ್ದಳು. ಅವಳಿಗೆ ಓದು ಬರೆಹ ಇಲ್ಲ. ಯಾರ ಮಾತೂ ಕೇಳದೆ ನನ್ನನ್ನು ಕಂಪ್ಲಿಯ ಹಾಸ್ಟೆಲ್ಲಿಗೆ ಹಾಕಿದಳು. ಗೇಟು ಇಳಿಸಿದ ಸುದ್ದಿಯನ್ನು ಹೊಸಪೇಟೆ ಬಸ್ಸಿನ ಕಂಡಕ್ಟರ್ ತಂದಿದ್ದ. ವಾರ್ಡನ್ನರ ಕೈಕಾಲು ಹಿಡಿದು ನಾನು ದಡದ ಕಡೆಯ ಘಾಟಿಗೆ ಬಂದೆ.

ಅಲ್ಲಿ ಜಾತ್ರೆಯಂತೆ ಹೆಂಗಸರು. ಮರಿಯಮ್ಮನಹಳ್ಳಿಯಿಂದ ಬಂದವರು, ಕಡ್ಡಿರಾಂಪುರದಿಂದ ಬಂದವರು, ಸಂಡೂರಿನಿಂದ ಗಣಿಯ ಧೂಳಿನಲ್ಲಿ ಕಾಲೆಲ್ಲ ಕೆಂಪು ಮಾಡಿಕೊಂಡು ಬಂದವರು. ಕಂಕುಳಲ್ಲಿ ಕೂಸು, ಕೈಯಲ್ಲಿ ಗಂಟು. ನೀರಿನ ಮೇಲಿಂದಲೇ ಮಾತು ಶುರುವಾಗಿತ್ತು.

"ಯವ್ವಾ, ಹೋಳಿಗಿ ಮಾಡೀಯೇನ?"

"ನೀ ಬಂದು ಹೂರಣ ರುಬ್ಬು, ಮಾಡ್ತೀನಿ."

"ಅಲ್ಲಿ ರುಬ್ಬಿ ರುಬ್ಬೇ ಬಂದೀನಿ, ಇಲ್ಲೂ ರುಬ್ಬಬೇಕೇನ?"

ಅಪ್ಪನ ಹರಗೋಲು ಬಂತು. ಖಾಲಿ ಹರಗೋಲು ನೆಟ್ಟಗೆ ಬರುವುದಿಲ್ಲ. ಭಾರವಿಲ್ಲದ್ದರಿಂದ ಗಿರಗಿರ ತಿರುಗುತ್ತ, ಕುಣಿಯುತ್ತ ಬರುತ್ತದೆ. ನಾನು ಲಂಗ ಎತ್ತಿ ಒಂದು ಕಾಲು ಒಳಗಿಟ್ಟೆ. ಕೊಟ್ಟ ಮಕ್ಕಳಲ್ಲೆಲ್ಲ ಹಿರಿಯಳಾದವಳು ನನ್ನ ತೋಳು ಹಿಡಿದಳು.

"ಏ ಹುಡುಗಿ, ಇಳಿ. ಇದು ಕೊಟ್ಟ ಮಕ್ಕಳ ಖೇಪು."

"ಹರಗೋಲ ನಮ್ಮಪ್ಪಂದು ಐತಿ."

"ಹರಗೋಲ ನಿಮ್ಮಪ್ಪಂದು, ಖೇಪು ನಮ್ದು. ನಿನ್ನ ಇನ್ನಾ ಎಲ್ಲಿಗೂ ಕೊಟ್ಟಿಲ್ಲಲ್ಲ. ಜಲ್ದಿ ಮದಿವಿ ಮಾಡ್ಕ, ಬರೋ ವರ್ಷ ನನ್ನ ಬಾಜೂಕ ಕುಂದ್ರುವಂತಿ."

ಹೆಂಗಸರೆಲ್ಲ ನಕ್ಕರು. ಕೆಟ್ಟ ನಗೆಯೇನಲ್ಲ. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಹುಟ್ಟು ನೋಡುತ್ತ, "ಎರಡನೇ ಖೇಪಿಗೆ ಬಾರವಾ" ಎಂದ.

ಎರಡನೇ ಖೇಪಿನಲ್ಲಿ ನಾನು ಉಪ್ಪಿನ ಚೀಲದ ಮೇಲೆ ಕೂತು ಬಂದೆ. ಪಕ್ಕದಲ್ಲಿದ್ದ ಆಡು ನನ್ನ ಜಡೆಯ ರಿಬ್ಬನ್ ತಿಂದಿತು. ಘಾಟಿನಲ್ಲಿ ಅವ್ವ ನಿಂತಿದ್ದಳು.

"ಮೊದಲನೇದರಾಗ ಜಾಗ ಇರಲಿಲ್ಲೇನು?"

"ಇತ್ತು. ನಾನು ಕೊಟ್ಟ ಮಗಳಲ್ಲಂತ."

ಅವ್ವ ಅವತ್ತು ಹೋಳಿಗೆ ತಿನ್ನಲಿಲ್ಲ. ಸಂಜೆ ಬೇವಿನ ಕಟ್ಟೆಯ ಮೇಲೆ ದೈವ ಕೂಡಿತ್ತು. ಗಡ್ಡಿಯ ಹಿರಿಯರು ಕೂತು ಮಾತಾಡುವುದಕ್ಕೆ ನಾವು ದೈವ ಅನ್ನುತ್ತೇವೆ. ಹೆಂಗಸರು ಅಲ್ಲಿ ಕೇಳಿಸಿಕೊಳ್ಳಲು ನಿಲ್ಲುವುದುಂಟು, ಬಾಯಿ ಹಾಕುವುದಿಲ್ಲ. ಅವ್ವ ಬಾಯಿ ಹಾಕಿದಳು.

"ಕೊಟ್ಟ ಮಗಳು ಅಂದ್ರ ಏನ್ರಿ?"

ದೈವದಲ್ಲಿ ಎಲ್ಲರಿಗಿಂತ ಹಿರಿಯ ತಲೆ ಎತ್ತಿ ನೋಡಿದ. "ಮನಿ ಬಿಟ್ಟು ದಡಕ್ಕ ಹೋದಾಕಿ. ಯಾಕವಾ?"

"ನನ್ನ ಮಗಳೂ ಹೋಗ್ಯಾಳಲ್ರಿ."

"ಹಂಗ ಹೋಗಿದ್ದಲ್ಲವಾ. ಒಂದು ಮನಿಗೆ ಕೊಟ್ಟಿರಬೇಕು."

"ಸಾಲಿಗೆ ಕೊಟ್ಟೀನಿ."

ಕಟ್ಟೆಯ ತುಂಬ ನಗೆ. "ಸಾಲಿಗೆ ಕೊಟ್ರ ಬೀಗರು ಯಾರವಾ? ಹೆಡ್‌ಮಾಸ್ತರಾ?"

"ಹೌದ್ರಿ. ನಮ್ಮ ಬೀಗರು ವರದಕ್ಷಿಣಿ ಕೇಳಿಲ್ಲ. ನಿಮ್ಮ ಬೀಗರು ಏನೇನು ಕೇಳಿದ್ರು, ನೀವs ಹೇಳ್ರಿ."

ಈ ಸಲ ನಕ್ಕವರು ಹೆಂಗಸರು. ಹಿರಿಯನೂ ನಕ್ಕ, ಒಳ್ಳೆಯ ಮನುಷ್ಯ. ಮಾತು ಮುಗಿಸಬೇಕಲ್ಲ, "ಆತು, ಸಾಲಿ ಪೂರಾ ಮುಗಸಲಿ. ಡಿಗ್ರಿ ಆಗಲಿ. ಆಮ್ಯಾಲ ಮೊದಲನೇ ಖೇಪಿನಾಗ ನಡಬರಕ ಕುಂದ್ರಸೂಣು" ಎಂದ. ಅವನಿಗೆ ಅದು ತಮಾಷೆಯ ಮಾತು. ಗಡ್ಡಿಯ ಹುಡುಗಿ ಅಷ್ಟು ದೂರ ಓದುತ್ತಾಳೆಂದು ಯಾರಿಗೂ ಅನ್ನಿಸಿರಲಿಲ್ಲ. ಅವ್ವ ಮಾತ್ರ ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ಬಂದಳು.

ಅಲ್ಲಿಂದ ಮುಂದೆ ನನ್ನ ಓದು ನನ್ನೊಬ್ಬಳದಾಗಿ ಉಳಿಯಲಿಲ್ಲ. ಪ್ರತಿ ವರ್ಷ ಎರಡನೇ ಖೇಪಿನಲ್ಲಿ ಬಂದು ಇಳಿದಾಗ ಅವ್ವ ಕೇಳುವುದು ಒಂದೇ: "ಇನ್ನ ಎಷ್ಟೈತಿ?" ಹೊಸಪೇಟೆಯಲ್ಲಿ ಬಿ.ಎಸ್ಸಿ. ಸೇರಿದೆ. ಇಂಗ್ಲಿಷಿನ ಪಾಠ ಅರ್ಥವಾಗದೆ ಲ್ಯಾಬಿನ ಹಿಂದೆ ನಿಂತು ಅತ್ತಿದ್ದೇನೆ. ರಜೆಯಲ್ಲಿ ಬಾಳೆತೋಟದ ಕೂಲಿಗೆ ಹೋಗಿ, ಎಲೆಯ ಕರೆ ಹತ್ತಿದ ಅಂಗಿಯಲ್ಲೇ ಕಾಲೇಜಿಗೆ ಹೋಗಿದ್ದೇನೆ. ರಸಾಯನಶಾಸ್ತ್ರದಲ್ಲಿ ಫಸ್ಟ್ ಕ್ಲಾಸು ಬಂತು. ಗಡ್ಡಿಯಲ್ಲಿ ಗಂಡಸರಲ್ಲೂ ಯಾರೂ ಪದವಿ ಮುಗಿಸಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ, ಸಂಕೋಚವೂ ಇಲ್ಲ.

ಫಲಿತಾಂಶ ಬಂದ ವಾರ ಹಿರಿಯ ಕೋಲು ಊರಿಕೊಂಡು ನಮ್ಮ ಬಾಗಿಲಿಗೇ ಬಂದ. "ಗೆದ್ದಳವಾ ನಿನ್ನ ಮಗಳು. ಅಂದ ಮಾತು ಅಂದಂಗ. ಈ ಸಲ ಮೊದಲನೇ ಖೇಪಿನಾಗ ಕರಸೂಣು, ಆ ಹೆಂಗಸರಿಗೆ ನಾನs ಹೇಳ್ತೀನಿ." ಅವ್ವ ಅವನಿಗೆ ಚಹಾ ಕೊಡುವುದನ್ನೂ ಮರೆತಳು. ಕಂಪ್ಲಿಗೆ ಹೋಗಿ ಹಸಿರು ಇಳಕಲ್ ಸೀರೆ ತಂದಳು, ಸೆರಗಿಗೆ ಕುಚ್ಚು ಕಟ್ಟಿಸಿದಳು. ಅಪ್ಪ ಹರಗೋಲಿಗೆ ಹೊಸ ಬಿದಿರು ಹೆಣೆದು, ಒಂದು ಸಲಕ್ಕೆ ಸಾಕಾಗುವ ಡಾಂಬರನ್ನು ಎರಡು ಸಲ ಬಳಿದ.

ಆ ವರ್ಷ ಮೇಲೆ ಮಲೆನಾಡಿನಲ್ಲಿ ಮಳೆಯಾಗಲಿಲ್ಲ. ಡ್ಯಾಮಿನ ಗೇಟು ಎತ್ತಲಿಲ್ಲ. ಎಮ್ಮಿಗುಂಡು ಶ್ರಾವಣ, ಭಾದ್ರಪದ ಪೂರ್ತಿ ಬೆನ್ನು ಒಣಗಿಸಿಕೊಂಡು ಕೂತಿತ್ತು. ಬಾಗಿಲು ಹಾಕಲೇ ಇಲ್ಲ, ತೆಗೆಯುವ ಹಬ್ಬ ಎಲ್ಲಿಂದ ಬರಬೇಕು? ಕೊಟ್ಟ ಮಕ್ಕಳು ಪಂಚಮಿಗೆ ಸೀರೆ ಎತ್ತಿ ನಡೆದುಕೊಂಡೇ ಬಂದು ಜೋಕಾಲಿ ಜೀಕಿ ಹೋದರು. ನೆರೆ ಬರಲಿ ಎಂದು ಬೇಡಿಕೊಂಡ ಗಡ್ಡಿಯ ಹೆಂಗಸು ಅವ್ವ ಒಬ್ಬಳೇ ಇರಬೇಕು. ದಿನಾ ಬೆಳಿಗ್ಗೆ ನೀರು ತರುವ ನೆಪದಲ್ಲಿ ಬಂಡೆ ನೋಡಿ ಬರುತ್ತಿದ್ದಳು. "ಬರೋ ವರ್ಷ" ಎಂದಳು ಕೊನೆಗೆ. ನನಗೆ ಸಂಡೂರಿನ ಗಣಿಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಅದಿರಿನ ಪುಡಿಯಲ್ಲಿ ಕಬ್ಬಿಣ ಎಷ್ಟಿದೆ ಎಂದು ನೋಡುವ ಕೆಲಸ. ಬರುವ ವರ್ಷಕ್ಕೆ ರಜೆ ಈಗಲೇ ಕೇಳಿಡು ಎಂದಳು.

ಬರುವ ವರ್ಷದೊಳಗೆ ಸೇತುವೆ ಆಯಿತು.

ಸೇತುವೆಯನ್ನು ನಾನು ಬೈಯುವುದಿಲ್ಲ. ನನ್ನ ಚಿಕ್ಕಮ್ಮನಿಗೆ ಹಾವು ಕಚ್ಚಿದಾಗ ಬಾಗಿಲು ಹಾಕಿತ್ತು. ಆಚೆ ದಡದಲ್ಲಿ ಗಾಡಿ ನಿಂತಿದ್ದು ಕಾಣುತ್ತಿತ್ತು, ಚಿಕ್ಕಮ್ಮ ಈಚೆ ದಡದಲ್ಲೇ ಜೀವ ಬಿಟ್ಟಳು. ಅವ್ವನ ಸ್ವಂತ ತಂಗಿ. ಹಾಗಾಗಿ ಸೇತುವೆಯ ಕಂಬ ಏಳುವಾಗ ಅವ್ವ ಕೂಲಿಯವರಿಗೆ ಮಜ್ಜಿಗೆ ಕೊಟ್ಟು ಬಂದಿದ್ದಾಳೆ. ಆ ಮಳೆಗಾಲ ಹೊಳೆ ಬಂತು, ಎಂದೂ ಬರದ ಹಾಗೆ ಬಂತು. ಎಮ್ಮಿಗುಂಡು ಮುಳುಗಿತು, ಗಂಗಮ್ಮನ ಕಲ್ಲು ಮುಳುಗಿತು. ಅವ್ವ ಘಾಟಿನ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಳಂತೆ. ತಲೆಯ ಮೇಲೆ ಸೇತುವೆಯಲ್ಲಿ ಕಂಪ್ಲಿಯ ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು. ಅದರಿಂದ ಕೊಟ್ಟ ಮಕ್ಕಳು ಕೈ ಹೊರಗೆ ಹಾಕಿ ಬೀಸಿದರು, ಪಂಚಮಿಗೆ ಸರಿಯಾಗಿ ತವರಿಗೆ ಬಂದವರು. ಉಂಡಿಯ ಡಬ್ಬಿ ಎತ್ತಿಡುವ ಕೆಲಸ ಉಳಿಯಲಿಲ್ಲ. ಜೋಕುಮಾರನೂ ಆಟೋದಲ್ಲಿ ಬಂದ.

ಹಬ್ಬವನ್ನು ಯಾರೂ ನಿಲ್ಲಿಸಲಿಲ್ಲ. ಬೇಡ ಅಂತಲೂ ಯಾರೂ ಅನ್ನಲಿಲ್ಲ. ಅದು ಆಗಲಿಲ್ಲ, ಅಷ್ಟೇ. ಆ ವರ್ಷದ ಗೌರಿ ಹುಣ್ಣಿಮೆಗೆ, ಗಡ್ಡಿಯ ಹುಡುಗಿಯರು ಸಕ್ಕರೆ ಗೊಂಬೆಗಳ ಆರತಿ ತಟ್ಟೆ ಹಿಡಿದು ಹೊರಟಾಗ, ಅವ್ವ ಟ್ರಂಕಿನಿಂದ ಹಸಿರು ಸೀರೆ ತೆಗೆದು ನನ್ನ ಮುಂದೆ ಇಟ್ಟಳು. "ಉಟ್ಕ. ಇಟ್ರ ನುಸಿ ತಿಂತಾವು." ಹಿರಿಯ ಅದೇ ಚಳಿಗಾಲ ತೀರಿಕೊಂಡ.

ಆಮೇಲೆ ವರ್ಷಗಳು ಹೋದವು. ನಾನು ಲ್ಯಾಬಿಗೆ ಹಿರಿಯಳಾದೆ. ಮದುವೆಯಾಗಲಿಲ್ಲ, ಅದರ ಬಗ್ಗೆ ಇಲ್ಲಿ ಹೇಳುವಂಥದ್ದೇನೂ ಇಲ್ಲ. ಅಪ್ಪ ಹಂಪಿ ಕಡೆ ಪ್ರವಾಸಿಗರನ್ನು ಕೂರಿಸಿಕೊಂಡು ಹರಗೋಲು ತಿರುಗಿಸುವ ಕೆಲಸ ಮಾಡಿ, ಕಣ್ಣು ಮಂಜಾದ ಮೇಲೆ ಮನೆಗೆ ಬಂದ. ಹೋದ ವರ್ಷ ಗಡ್ಡಿಯ ಯುವಕರು ಒಂದು ಸಮಿತಿ ಮಾಡಿಕೊಂಡು, ಬಾಗಿಲು ತೆಗೆಯುವ ಹಬ್ಬವನ್ನು ಮತ್ತೆ ಮಾಡುವುದೆಂದು ಹೊರಟರು. ಎಲ್ಲರಿಗೂ ರಜೆ ಇರಲೆಂದು ರವಿವಾರ ಇಟ್ಟರು. ನನ್ನ ಫೋಟೋ ಹಾಕಿ, ಗಡ್ಡಿಯ ಹೆಮ್ಮೆಯ ಮಗಳು ಎಂದು ಬರೆಸಿ, ಸೇತುವೆಯ ಕಂಬಕ್ಕೆ ಫ್ಲೆಕ್ಸ್ ಕಟ್ಟಿದರು. ಅದನ್ನು ನೋಡಿ ಖುಷಿಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಸ್ಸಿನಿಂದ ಇಳಿದವಳು ಒಂದು ನಿಮಿಷ ನಿಂತು ಓದಿದೆ.

ಸಮಿತಿಯವರು ಮನೆಗೆ ಬಂದರು. "ಅಕ್ಕಾರ, ಮೊದಲ ಖೇಪು ನಿಮ್ದ್ರಿ. ಒಬ್ಬರs ಕುಂದ್ರಬೇಕು, ಮಸ್ತ್ ಕಾಣ್ತೈತಿ."

ಅವ್ವ ಒಳಗಿನಿಂದ ಕೇಳಿದಳು, "ಹೊಳಿ ಬಾಗಲ ಹಾಕೇತೇನಪ?"

"ಇಲ್ಲ ಬಿಡಬೇ, ಈಗ ಬ್ರಿಜ್ ಐತಲ್ಲ."

"ಹಾಕದ ಬಾಗಲಾ ಹೆಂಗ ತಗೀತೀರಿ?"

"ಸುಮ್ನ ಸಾಂಕೇತಿಕಬೇ."

"ಹಂಗಂದ್ರ?"

ಹುಡುಗ ಸ್ವಲ್ಪ ಯೋಚಿಸಿದ. "ಹಂಗಂದ್ರ... ಮಾಡಿದಂಗ ಮಾಡೋದು."

"ಮಾಡಿದಂಗ ಮಾಡ್ರಿ ಹಂಗಾರ. ನಾನೂ ಬಂದಂಗ ಬರ್ತೀನಿ."

ಅಪ್ಪ ಮಾತ್ರ ಒಪ್ಪಿದ್ದ. ಎಳೆದು ಮೂಲೆಗೆ ಹಾಕಿದ್ದ ಹರಗೋಲನ್ನು ಬಿಸಿಲಿಗೆ ಹಾಕಿ, ಸಂದುಗಳಿಗೆ ಡಾಂಬರು ತುಂಬಿ, ಕೈಯಲ್ಲಿ ಸವರಿ ಸವರಿ ನೋಡಿದ್ದ. "ಊರ ಮಕ್ಕಳನ್ನೆಲ್ಲ ತಂದ ಕೈ ಇದು" ಎಂದ, ಅವ್ವನಿಗೆ ಕೇಳುವಂತೆ.

ನನ್ನನ್ನು ಹರಗೋಲಿನಲ್ಲಿ ಆಚೆಯಿಂದ ಕರೆದು ತರಬೇಕಾದರೆ ನಾನು ಮೊದಲು ಆಚೆ ಇರಬೇಕಲ್ಲ. ಸಮಿತಿಯವನೊಬ್ಬ ಬೈಕಿನಲ್ಲಿ ಕೂರಿಸಿಕೊಂಡು ಸೇತುವೆ ದಾಟಿಸಿ ಆಚೆ ಘಾಟಿನಲ್ಲಿ ಇಳಿಸಿ ಹೋದ. ಅಲ್ಲಿ ಯಾರೂ ಇರಲಿಲ್ಲ. ಕೊಟ್ಟ ಮಕ್ಕಳೆಲ್ಲ ಹಿಂದಿನ ದಿನವೇ ಬಂದು, ಗಡ್ಡಿಯ ಕಡೆಯ ಶಾಮಿಯಾನದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತಿದ್ದರು. ನನ್ನ ತೋಳು ಹಿಡಿದು ಇಳಿಸಿದ್ದ ಆ ಹಿರಿಯಕ್ಕ ಈಗಿಲ್ಲ. ನೀರಿನ ಮೇಲಿಂದ ಮೈಕಿನ ಸದ್ದು ಬರುತ್ತಿತ್ತು.

ಅಪ್ಪ ಬಂದ. ಹರಗೋಲು ಹಳೆಯ ರೀತಿಯಲ್ಲೇ ತಿರುಗುತ್ತ ಬಂತು. ಕಲ್ಲಿಗೆ ತಾಗಿಸಿ, ಹುಟ್ಟನ್ನು ಅಡ್ಡ ಇಟ್ಟು, ನನ್ನ ಕಡೆ ನೋಡಿ, "ಹತ್ತವಾ" ಎಂದ. ಆ ಮಾತನ್ನು ಆ ಜಾಗದಲ್ಲಿ ಅವನು ಎಷ್ಟೋ ಹೆಣ್ಣುಮಕ್ಕಳಿಗೆ ಅಂದದ್ದನ್ನು ಕೇಳಿದ್ದೆ.

ನಡುನೀರಿನಲ್ಲಿ ಹುಟ್ಟು ನಿಲ್ಲಿಸಿದ. "ನಿಮ್ಮವ್ವ ಬಂದಾಳೇನು ನೋಡು. ನನಗ ಕಾಣವಲ್ಲದು."

ಘಾಟಿನ ತುಂಬ ಜನ, ಎತ್ತಿದ ಫೋನುಗಳು. ಅವ್ವ ಇರಲಿಲ್ಲ. "ಜನ ಭಾಳ ಐತಪ, ನನಗೂ ಕಾಣವಲ್ಲದು" ಎಂದೆ. ಅಪ್ಪ ಹುಟ್ಟು ಹಾಕಿದ.

ಇಳಿದು ಹೊಳೆಗೆ ಉಡಿ ತುಂಬಿದೆ. ಹಾರ ಹಾಕಿದರು. ಅಷ್ಟರಲ್ಲಿ ವಿಡಿಯೋ ಮಾಡುವವನು ಗುಂಪಿನಿಂದ ಹೊರಗೆ ಬಂದ. "ಅಜ್ಜಾರ, ಇನ್ನೊಂದು ಸಲ ಹೋಗಿ ಬರ್ರಿ. ಬ್ಯಾಟರಿ ಕೈ ಕೊಡ್ತು, ಬಂದೇ ಇಲ್ಲ ಅದು."

ಅಪ್ಪ ನನ್ನ ಕಡೆ ನೋಡಲಿಲ್ಲ. ಬೆನ್ನು ಒಂದು ಸಲ ನೆಟ್ಟಗೆ ಮಾಡಿಕೊಂಡು ಹರಗೋಲು ತಿರುಗಿಸಿದ. ಈ ಸಲ ನನ್ನ ಜೊತೆ ಸಮಿತಿಯವರೂ ಹತ್ತಿಕೊಂಡರು, ಡೊಳ್ಳಿನವರು ಹತ್ತಿದರು, ಯಾರದೋ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿದರು. ಭಾರಕ್ಕೆ ಹರಗೋಲು ತಿರುಗದೆ ನೆಟ್ಟಗೆ ಬಂತು. ವಿಡಿಯೋ ಚೆನ್ನಾಗಿ ಬಂದಿದೆ. ಎಲ್ಲರ ಫೋನಿನಲ್ಲೂ ಇದೆ.

ಮನೆಗೆ ಹೋದಾಗ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಹೊರಗೆ ಕಾಲು ತೊಳೆಯುತ್ತಿದ್ದ.

"ನಿಮ್ಮಪ್ಪ ಏನಂದ?"

"ಹತ್ತವಾ ಅಂದ."

"ಅದು ವಿಡಿಯೋದಾಗ ಐತೇನು?"

"ಇಲ್ಲ. ವಿಡಿಯೋದಾಗ ಇರೋದು ಎರಡನೇ ಖೇಪು."

ಅವ್ವ ರೊಟ್ಟಿ ತಿರುವಿ ಹಾಕಿದಳು. ಅದು ಉಬ್ಬಿದ ಮೇಲೆ ತೆಗೆದು ಬುಟ್ಟಿಗೆ ಹಾಕಿದಳು.

"ನೀನು ಹರಗೋಲದಾಗ ಕುಂತಿದ್ದು ನೋಡಬೇಕು ಅಂತಲ್ಲ ನಾನು ಅಷ್ಟು ಬಡದಾಡಿದ್ದು" ಎಂದಳು. "ಹರಗೋಲದಾಗ ಹುಟ್ಟಿದಾಗಿಂದ ಕುಂತೀಯ. ಆ ಹೆಂಗಸರು ಸರದು ನಿನಗ ಜಾಗ ಬಿಡೋದು ನೋಡಬೇಕಿತ್ತು. ಅವರು ಕುರ್ಚಿ ಮ್ಯಾಲ ಕುಂತಿದ್ರ ನಾನೇನು ನೋಡ್ಲಿ ಅಲ್ಲಿ?"

ತಟ್ಟೆ ತೆಗೆದುಕೊಂಡು ಕೂತೆ. ಅಪ್ಪ ಬಂದು ಪಕ್ಕದಲ್ಲಿ ಕೂತ, ಅವನಿಗೆ ಮೊದಲು ಬಡಿಸಿದಳು.

ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೋಗಬೇಕಿತ್ತು. ಸೇತುವೆಯ ಬಾಯಲ್ಲಿ ಬಸ್ಸು ಹತ್ತಿದೆ. ಹಬ್ಬಕ್ಕೆ ಬಂದ ಕೊಟ್ಟ ಮಕ್ಕಳೆಲ್ಲ ಗಂಟು, ಚೀಲ, ಮಕ್ಕಳ ಸಮೇತ ಅದರಲ್ಲೇ ವಾಪಸು ಹೊರಟಿದ್ದರು. ಸೀಟೆಲ್ಲ ತುಂಬಿತ್ತು. ಕಡ್ಡಿರಾಂಪುರಕ್ಕೆ ಕೊಟ್ಟವಳೊಬ್ಬಳು ನನ್ನನ್ನು ನೋಡಿ, ಮಗುವನ್ನು ಎತ್ತಿ ತೊಡೆಗೆ ಹಾಕಿಕೊಂಡು, ಪಕ್ಕದವಳನ್ನು ಮೊಣಕೈಯಿಂದ ತಿವಿದಳು. "ಸರಕೊಳ್ಳಲೇ ಸ್ವಲ್ಪ. ಬಾರವಾ, ಕುಂದ್ರು, ನಡಕ ಕುಂದ್ರು." ಇಬ್ಬರೂ ಸರಿದರು. ನಾನು ನಡುವೆ ಕೂತೆ.

ಬಸ್ಸು ಸೇತುವೆ ಹತ್ತಿದಾಗ, ಅವ್ವ ಕಾಣುತ್ತಾಳೇನೋ ಎಂದು ಕಿಟಕಿಯ ಕಡೆಗೆ ಬಗ್ಗಿ ಹಿಂದಕ್ಕೆ ನೋಡಿದೆ. ಕೆಳಗೆ ಘಾಟು, ಶಾಮಿಯಾನ ಬಿಚ್ಚುತ್ತಿರುವ ಹುಡುಗರು, ಎಮ್ಮಿಗುಂಡಿನ ಒಣ ಬೆನ್ನು. ಅವ್ವ ಬಸ್ಸಿನ ತನಕ ಕಳಿಸಲು ಬರುವವಳಲ್ಲ. ಅವತ್ತೂ ಬಂದಿರಲಿಲ್ಲ.